ನ್ಯಾಯಮೂರ್ತಿ ಎ. ಜೆ. ಸದಾಶಿವ ಸಮಿತಿ

ನ್ಯಾಯಮೂರ್ತಿ ಎ. ಜೆ. ಸದಾಶಿವ ಸಮಿತಿಯು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನೇಮಿಸಿದ ವಿಚಾರಣಾ ಸಮಿತಿ. ವೀರಪ್ಪನ್ ಶೋಧ ಕಾರ್ಯಾಚರಣೆಯ ಕಾಲದಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಬಂಧಿತರ ಮೇಲೂ ಗಡಿಭಾಗದ ಗ್ರಾಮಸ್ಥರ ಮೇಲೂ ಎಸಗಿದವೆಂದು ಹೇಳಲಾದ ದೌರ್ಜನ್ಯಗಳನ್ನು ಪರಿಶೀಲಿಸುವುದು ಇದರ ಹೊಣೆಯಾಗಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಸಮಿತಿಯ ಅಧ್ಯಕ್ಷರು. ಕೇಂದ್ರೀಯ ತನಿಖಾ ದಳದ ಮಾಜಿ ನಿರ್ದೇಶಕ ಸಿ. ವಿ. ನರಸಿಂಹನ್ ಸದಸ್ಯರು. ಸಮಿತಿಯು 2003ರ ಕೊನೆಯಲ್ಲಿ ವರದಿ ಸಲ್ಲಿಸಿತು. ಅದರ ಆಧಾರದ ಮೇಲೆ ಆಯೋಗವು 2007ರ ಜನವರಿಯಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರವನ್ನು ಶಿಫಾರಸು ಮಾಡಿತು. ಆದರೆ ವರದಿಯ ಫಲವಾಗಿ ಕಾರ್ಯಪಡೆಯ ಯಾವ ಅಧಿಕಾರಿಗೂ ಕ್ರಿಮಿನಲ್ ಶಿಕ್ಷೆಯಾಗಲಿಲ್ಲ. ಸಮವಸ್ತ್ರಧಾರಿಗಳ ಹೊಣೆಗಾರಿಕೆಯ ಬಗ್ಗೆ ಕರ್ನಾಟಕದಲ್ಲಿ ನಡೆಯುವ ಚರ್ಚೆಗಳಲ್ಲಿ ಈ ಸಮಿತಿಯ ಹೆಸರು ಮತ್ತೆ ಮತ್ತೆ ಬರಲು ಇದೇ ಕಾರಣ.

ಹಿನ್ನೆಲೆ

ಮಲೆ ಮಹದೇಶ್ವರ ಬೆಟ್ಟದಿಂದ ಸತ್ಯಮಂಗಲದವರೆಗೆ ಹರಡಿರುವ ಕಾಡು ಎರಡು ರಾಜ್ಯಗಳಿಗೆ ಸೇರಿದ್ದು. ಇಲ್ಲಿಯ ಗಡಿ ಆಡಳಿತದ ನಕ್ಷೆಯಲ್ಲಿ ಸ್ಪಷ್ಟವಾಗಿದ್ದರೂ ಜನರ ಬದುಕಿನಲ್ಲಿ ಅಷ್ಟು ಸ್ಪಷ್ಟವಲ್ಲ. ಗೋಪಿನಾಥಂ, ಮಾರ್ಟಳ್ಳಿ ಮೊದಲಾದ ಊರುಗಳು ಕರ್ನಾಟಕದಲ್ಲಿದ್ದರೂ ಅಲ್ಲಿ ತಮಿಳು ಮಾತನಾಡುವವರೇ ಹೆಚ್ಚು. ಬೆಟ್ಟದ ಹಾಡಿಗಳಲ್ಲಿ ಸೋಲಿಗರು ಗಡಿಯ ಎರಡೂ ಕಡೆ ನೆಲೆಸಿದ್ದಾರೆ. ಇಂದು ಚಾಮರಾಜನಗರ ಜಿಲ್ಲೆಗೆ ಸೇರಿರುವ ಈ ಭಾಗ 1997ರವರೆಗೆ ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು.

ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್ ಆನೆದಂತ ಮತ್ತು ಶ್ರೀಗಂಧದ ಕಳ್ಳಸಾಗಣೆಯಿಂದ ಕುಖ್ಯಾತನಾದನು. ಅವನನ್ನು ಹಿಡಿಯಲು ಕರ್ನಾಟಕ ಸರ್ಕಾರ 1990ರಲ್ಲಿ ವಿಶೇಷ ಕಾರ್ಯಪಡೆಯನ್ನು ರಚಿಸಿತು. ಮರುವರ್ಷದಿಂದ ಸರ್ಕಾರಿ ಸಿಬ್ಬಂದಿಯ ಹತ್ಯೆಗಳು ಒಂದರ ಹಿಂದೆ ಒಂದರಂತೆ ನಡೆದವು. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತರಾದರು. 1992ರ ಮೇ ತಿಂಗಳಿನಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆದು ಪೊಲೀಸರು ಸತ್ತರು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್.ಪಿ. ಟಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬುಗಳನ್ನು ಸಿಡಿಸಿದಾಗ ಪೊಲೀಸರು, ಅರಣ್ಯ ಕಾವಲುಗಾರರು ಮತ್ತು ಮಾಹಿತಿದಾರರು ಸೇರಿ 22 ಮಂದಿ ಮೃತಪಟ್ಟರು.

ಈ ಸಾವುಗಳನ್ನು ಬದಿಗಿಟ್ಟು ಮುಂದಿನ ಘಟನೆಗಳನ್ನು ಅರ್ಥಮಾಡಿಕೊಳ್ಳಲಾಗದು. ತಮ್ಮ ಸಹೋದ್ಯೋಗಿಗಳನ್ನು ಕಳೆದುಕೊಂಡಿದ್ದ ಪಡೆಗಳು 1993ರ ನಂತರ ಹೆಚ್ಚಿನ ಬಲದೊಡನೆ ಕಾಡಿಗೆ ಇಳಿದವು. ತಮಿಳುನಾಡೂ ತನ್ನ ಕಾರ್ಯಪಡೆಯನ್ನು ಕಣಕ್ಕಿಳಿಸಿತು; ಗಡಿ ಭದ್ರತಾ ಪಡೆಯ ತುಕಡಿಗಳೂ ಬಂದವು. ವೀರಪ್ಪನ್ ಸಿಗಲಿಲ್ಲ. ಸಿಕ್ಕವರು ಅವನಿಗೆ ಅಕ್ಕಿಬೇಳೆ ಕೊಟ್ಟವರು, ಕೊಟ್ಟಿರಬಹುದೆಂದು ಶಂಕಿಸಲ್ಪಟ್ಟವರು, ಅವರ ಹೆಂಡಿರು ಮಕ್ಕಳು. ಬಂದೂಕು ಹಿಡಿದು ಮನೆಬಾಗಿಲಿಗೆ ಬಂದವನಿಗೆ ಅನ್ನವಿಕ್ಕದಿರುವ ಸ್ವಾತಂತ್ರ್ಯ ಕಾಡಂಚಿನ ಬಡವನಿಗೆ ಎಷ್ಟಿತ್ತೆಂಬ ಪ್ರಶ್ನೆಯನ್ನು ಆಗ ಕೇಳಿದವರು ವಿರಳ.

ಶಿಬಿರಗಳು ಮತ್ತು ಟಾಡಾ ಕಾಯಿದೆ

ಸಂತ್ರಸ್ತರ ಹೇಳಿಕೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಸ್ಥಳ ಮಲೆ ಮಹದೇಶ್ವರ ಬೆಟ್ಟದ ಕಾರ್ಯಪಡೆಯ ಶಿಬಿರ. ಅದರ ವಿಚಾರಣಾ ಕೊಠಡಿಗೆ ‘ವರ್ಕ್‌ಶಾಪ್’ ಎಂಬ ಹೆಸರು ರೂಢಿಯಲ್ಲಿತ್ತು. ಗಂಡಸರನ್ನೂ ಹೆಂಗಸರನ್ನೂ ಅಲ್ಲಿ ಬೆತ್ತಲೆಗೊಳಿಸಿ ಹೊಡೆಯುತ್ತಿದ್ದರೆಂದೂ, ಕಿವಿಗೆ ಮತ್ತು ಗುಪ್ತಾಂಗಗಳಿಗೆ ವಿದ್ಯುತ್ ಹರಿಸುತ್ತಿದ್ದರೆಂದೂ, ಯಾವ ನ್ಯಾಯಾಧೀಶರ ಮುಂದೆಯೂ ಹಾಜರುಪಡಿಸದೆ ದಿನಗಟ್ಟಲೆ ಇಟ್ಟುಕೊಳ್ಳುತ್ತಿದ್ದರೆಂದೂ ಅವರು ನುಡಿದರು. ಹೆಂಗಸರಲ್ಲಿ ಕೆಲವರು ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು. ಹಿಡಿದೊಯ್ದವರನ್ನು ಗುಂಡಿಕ್ಕಿ ಕೊಂದು ಕಾದಾಟದಲ್ಲಿ ಸತ್ತರೆಂದು ತೋರಿಸಲಾಯಿತು ಎಂಬುದು ಇನ್ನೊಂದು ದೊಡ್ಡ ದೂರು. ಕಾರ್ಯಪಡೆಯ ಅಧಿಕಾರಿಗಳು ಈ ಆರೋಪಗಳನ್ನು ನಿರಾಕರಿಸಿದರು.

ಇಂಥ ವಿಚಾರಣೆಗೆ ಅಂದಿನ ಕಾನೂನಿನಲ್ಲಿಯೇ ಒಂದು ಪ್ರಚೋದನೆ ಅಡಗಿತ್ತೆಂಬುದನ್ನು ಗಮನಿಸಬೇಕು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನ ಪ್ರಕಾರ ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತಿರಲಿಲ್ಲ. ಹೊಡೆದು ಬಾಯಿ ಬಿಡಿಸುವ ಅಭ್ಯಾಸಕ್ಕೆ ಬ್ರಿಟಿಷರ ಕಾಲದಲ್ಲೇ ಹಾಕಿದ ಬೇಲಿ ಅದು. 1987ರ ಭಯೋತ್ಪಾದಕ ಮತ್ತು ವಿಧ್ವಂಸಕ ಚಟುವಟಿಕೆಗಳ ತಡೆ ಕಾಯಿದೆ, ಅಂದರೆ ಟಾಡಾ, ತನ್ನ 15ನೇ ಕಲಮಿನಲ್ಲಿ ಆ ಬೇಲಿಯನ್ನು ತೆಗೆಯಿತು: ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಊರ್ಜಿತವಾಯಿತು. ಬಾಯಿಂದ ಹೊರಡಿಸಿದ ಮಾತಿಗೆ ಬೆಲೆ ಬಂದ ಮೇಲೆ, ಹೊರಡಿಸುವ ವಿಧಾನದ ಮೇಲಿನ ಹಿಡಿತ ಸಡಿಲವಾದುದು ಆಶ್ಚರ್ಯವಲ್ಲ.

ಟಾಡಾದ ಅಡಿಯಲ್ಲಿ ಬಂಧಿತರಾದ ನೂರಕ್ಕೂ ಹೆಚ್ಚು ಮಂದಿಯ ವಿಚಾರಣೆ ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ನಡೆಯಿತು. ಜಾಮೀನಿನ ನಿಯಮ ಕಠಿಣವಾಗಿದ್ದುದರಿಂದ ಅನೇಕರು ವರ್ಷಗಟ್ಟಲೆ ಮೈಸೂರು ಕಾರಾಗೃಹದಲ್ಲಿ ಉಳಿದರು. ಟಾಡಾ ಕಾಯಿದೆಯೇ 1995ರ ಮೇ ತಿಂಗಳಿನಲ್ಲಿ ಅವಧಿ ಮುಗಿದು ರದ್ದಾಯಿತು. ಅದರಡಿ ಹೂಡಿದ ಮೊಕದ್ದಮೆಗಳು ಮಾತ್ರ ಮುಂದುವರಿದವು. 2001ರಲ್ಲಿ ತೀರ್ಪು ಬಂದಾಗ ಆರೋಪಿಗಳಲ್ಲಿ ಬಹುಪಾಲು ಮಂದಿ ನಿರ್ದೋಷಿಗಳೆಂದು ಬಿಡುಗಡೆಯಾದರು. ಪಾಲಾರ್ ಸ್ಫೋಟದ ಪ್ರಕರಣದಲ್ಲಿ ಶಿಕ್ಷೆಗೊಳಗಾದ ನಾಲ್ವರ ಜೀವಾವಧಿಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಮರಣದಂಡನೆಗೆ ಏರಿಸಿತು. ದಯಾಭಿಕ್ಷೆಯ ಅರ್ಜಿಗಳ ತೀರ್ಮಾನದಲ್ಲಿ ಆದ ಅತಿಯಾದ ವಿಳಂಬದ ಕಾರಣ 2014ರ ಜನವರಿ 21ರಂದು ಅದು ಮತ್ತೆ ಜೀವಾವಧಿಗೆ ಇಳಿಯಿತು.

ಸಮಿತಿಯ ನೇಮಕ ಮತ್ತು ಅದರ ಕಾನೂನು

ಮಾನವ ಹಕ್ಕು ಸಂಘಟನೆಗಳು ಮತ್ತು ಗ್ರಾಮಸ್ಥರ ದೂರುಗಳ ಮೇಲೆ ಆಯೋಗವು ಸಮಿತಿಯನ್ನು ನೇಮಿಸಿದಾಗ ಆಯೋಗದ ಅಧ್ಯಕ್ಷರಾಗಿದ್ದವರು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ. ಎನ್‌ಕೌಂಟರ್ ಸಾವುಗಳನ್ನು ಸ್ವತಂತ್ರ ತನಿಖೆಗೆ ಒಳಪಡಿಸಬೇಕೆಂದು ಎಲ್ಲ ಮುಖ್ಯಮಂತ್ರಿಗಳಿಗೆ 1997ರ ಮಾರ್ಚ್‌ನಲ್ಲಿ ಪತ್ರ ಬರೆದವರೂ ಅವರೇ.

ಸಮಿತಿಯ ನೇಮಕ ಸಾಧ್ಯವಾದುದಕ್ಕೆ ಒಂದು ತಾಂತ್ರಿಕ ಕಾರಣವಿದೆ. ಅದು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮವು ಪೊಲೀಸರ ವಿರುದ್ಧದ ದೂರುಗಳನ್ನು ತನ್ನದೇ ತಂಡದಿಂದ ತನಿಖೆ ಮಾಡಿಸುವ ಅಧಿಕಾರವನ್ನು ಆಯೋಗಕ್ಕೆ ಕೊಡುತ್ತದೆ. ‘ಸಶಸ್ತ್ರ ಪಡೆ’ಗಳ ವಿರುದ್ಧದ ದೂರಾದರೆ 19ನೇ ಕಲಮು ಅನ್ವಯವಾಗುತ್ತದೆ. ಆಗ ಆಯೋಗವು ಕೇಂದ್ರ ಸರ್ಕಾರದಿಂದ ವರದಿ ತರಿಸಿಕೊಂಡು ಅದರ ಮೇಲೆ ಶಿಫಾರಸು ಮಾಡಬಹುದೇ ಹೊರತು ತಾನೇ ತನಿಖೆಗೆ ಇಳಿಯುವಂತಿಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆಗಳಷ್ಟೇ ಅಲ್ಲದೆ ಕೇಂದ್ರದ ಇತರ ಸಶಸ್ತ್ರ ಪಡೆಗಳೂ ಈ ವ್ಯಾಖ್ಯೆಯೊಳಗೆ ಬರುತ್ತವೆ. ವಿಶೇಷ ಕಾರ್ಯಪಡೆ ಕಾಡಿನಲ್ಲಿ ಸೈನ್ಯದಂತೆಯೇ ಡೇರೆ ಹಾಕಿ, ಸೈನ್ಯದ ಆಯುಧಗಳನ್ನೇ ಹಿಡಿದು ಕೆಲಸ ಮಾಡಿದರೂ ಕಾನೂನಿನ ದೃಷ್ಟಿಯಲ್ಲಿ ಅದು ರಾಜ್ಯ ಪೊಲೀಸ್. ಆದ್ದರಿಂದ ಅದರ ವಿರುದ್ಧ ಸಮಿತಿ ಕೂರಬಹುದಾಗಿತ್ತು. ಅದೇ ಬೆಟ್ಟದಲ್ಲಿ ಬೀಡುಬಿಟ್ಟಿದ್ದ ಗಡಿ ಭದ್ರತಾ ಪಡೆಯಾದರೋ ಕೇಂದ್ರದ ಸಶಸ್ತ್ರ ಪಡೆ. ಏಟು ತಿಂದವನಿಗೆ ಹೊಡೆದವನ ಭುಜಪಟ್ಟಿಯ ಅಕ್ಷರಗಳನ್ನು ಓದುವ ವ್ಯವಧಾನವಿರುವುದಿಲ್ಲ. ಅವನ ದೂರಿನ ದಾರಿಯನ್ನು ನಿರ್ಧರಿಸುವುದು ಮಾತ್ರ ಆ ಅಕ್ಷರಗಳೇ.

ವಿಚಾರಣೆ ಮತ್ತು ರಾಜ್‌ಕುಮಾರ್ ಅಪಹರಣ

ಸಮಿತಿಯು ಗಡಿಯ ಎರಡೂ ಬದಿಯಲ್ಲಿ ಸಾಕ್ಷ್ಯ ಸಂಗ್ರಹಿಸಿತು. ಇನ್ನೂರರ ಸಮೀಪದಷ್ಟು ಮಂದಿ ತಮ್ಮ ಮೇಲಾದ ಅಥವಾ ತಮ್ಮ ಮನೆಯವರ ಮೇಲಾದ ಅನ್ಯಾಯವನ್ನು ಹೇಳಿಕೊಂಡರು. ಪೊಲೀಸ್ ಅಧಿಕಾರಿಗಳ ಹೇಳಿಕೆಗಳನ್ನೂ ಪಡೆಯಲಾಯಿತು. ನಡುವೆ ಕರ್ನಾಟಕ ಹೈಕೋರ್ಟಿನ ತಡೆಯಾಜ್ಞೆಯಿಂದ ಕೆಲಸ ನಿಂತಿತು.

2000ದ ಜುಲೈ 30ರಂದು ದೊಡ್ಡಗಾಜನೂರಿನ ತೋಟದ ಮನೆಯಿಂದ ವರನಟ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ಈ ಸಮಿತಿಯ ಹೆಸರು ಮೊದಲ ಬಾರಿಗೆ ಮನೆಮನೆಗೆ ತಲುಪಿತು. ಅಪಹರಣಕಾರರ ಬೇಡಿಕೆಗಳಲ್ಲಿ ಕಾವೇರಿ ವಿವಾದ, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆಯ ಅನಾವರಣ ಇತ್ಯಾದಿಗಳ ಜೊತೆಗೆ ಸದಾಶಿವ ಸಮಿತಿಯ ಮೇಲಿನ ತಡೆ ತೆರವು, ಸಂತ್ರಸ್ತರಿಗೆ ಪರಿಹಾರ, ಮೈಸೂರಿನ ಟಾಡಾ ಬಂಧಿತರ ಬಿಡುಗಡೆಗಳೂ ಸೇರಿದ್ದವು. (ಹಲಸೂರು ಕೆರೆಯ ಬಳಿ 1991ರಿಂದ ಮುಸುಕಿನಲ್ಲಿದ್ದ ಆ ಪ್ರತಿಮೆ 2009ರ ಆಗಸ್ಟ್ 9ರಂದು, ಎರಡು ಸರ್ಕಾರಗಳ ಒಪ್ಪಂದದಂತೆ ಅನಾವರಣಗೊಂಡಿತು.)

ಬಂಧಿತರ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಕರ್ನಾಟಕ ಸರ್ಕಾರ ಮುಂದಾಯಿತು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಮೀಣ್ಯದಲ್ಲಿ ಹತರಾದ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ. 2000ದ ನವೆಂಬರ್ 7ರಂದು ನ್ಯಾಯಾಲಯ ಅವರ ವಾದವನ್ನು ಎತ್ತಿಹಿಡಿದು, ಆರೋಪ ಹಿಂತೆಗೆತಕ್ಕೆ ನೀಡಿದ್ದ ಅನುಮತಿಯನ್ನು ರದ್ದುಮಾಡಿತು. ಎಂಟು ದಿನಗಳ ಬಳಿಕ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾದರು.

ಈ ಪ್ರಸಂಗದಿಂದ ಸಂತ್ರಸ್ತರಿಗೆ ಪ್ರಚಾರ ಸಿಕ್ಕಿತು, ಆದರೆ ಅದಕ್ಕೆ ಬೆಲೆ ತೆರಬೇಕಾಯಿತು. ಅವರ ನ್ಯಾಯವಾದ ದೂರು ಕಾಡುಗಳ್ಳನ ಬೇಡಿಕೆಯ ಪಟ್ಟಿಯೊಳಗೆ ಸೇರಿಹೋಯಿತು. ನಾಡೇ ಆತಂಕದಲ್ಲಿದ್ದ ಆ 108 ದಿನಗಳಲ್ಲಿ, ಮಾರ್ಟಳ್ಳಿಯ ವಿಧವೆಯ ಕಣ್ಣೀರನ್ನೂ ವೀರಪ್ಪನ್ನನ ಒತ್ತಡ ತಂತ್ರವನ್ನೂ ಬೇರ್ಪಡಿಸಿ ನೋಡುವುದು ಸುಲಭವಾಗಿರಲಿಲ್ಲ.

ವರದಿ ಮತ್ತು ಪರಿಹಾರ

ಸಮಿತಿಯು ಎಲ್ಲ ದೂರುಗಳನ್ನೂ ಒಪ್ಪಲಿಲ್ಲ. ಆದರೆ ಅಕ್ರಮ ಬಂಧನ ಮತ್ತು ಚಿತ್ರಹಿಂಸೆಯ ದೂರುಗಳಲ್ಲಿ ಗಣನೀಯ ಭಾಗ ನಂಬತಕ್ಕದ್ದೆಂದು ಕಂಡಿತು. ಎನ್‌ಕೌಂಟರ್‌ಗಳೆಂದು ದಾಖಲಾದ ಹಲವು ಸಾವುಗಳ ಸನ್ನಿವೇಶ ಸಂಶಯಾಸ್ಪದವೆಂದೂ ಹೇಳಿತು.

ವರದಿ ಆಯೋಗದ ಮುಂದಿದ್ದಾಗಲೇ, 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ತಮಿಳುನಾಡಿನ ಕಾರ್ಯಪಡೆ ವೀರಪ್ಪನ್ನನನ್ನು ಹೊಡೆದುರುಳಿಸಿತು. ತಮಿಳುನಾಡು ಸರ್ಕಾರ ಕೆಲವೇ ದಿನಗಳಲ್ಲಿ ಕಾರ್ಯಪಡೆಯ ಸಿಬ್ಬಂದಿಗೆ ನಗದು, ನಿವೇಶನ ಮತ್ತು ಬಡ್ತಿಯನ್ನು ಘೋಷಿಸಿತು. ಸಂತ್ರಸ್ತರ ಪರಿಹಾರದ ಶಿಫಾರಸು ಹೊರಬಿದ್ದುದು ಅದಾದ ಎರಡು ವರ್ಷ ಮೂರು ತಿಂಗಳ ನಂತರ. ಆ ವೇಳೆಗೆ ನ್ಯಾಯಮೂರ್ತಿ ಶಿವರಾಜ ಪಾಟೀಲರು ಆಯೋಗದ ಹಂಗಾಮಿ ಅಧ್ಯಕ್ಷರಾಗಿದ್ದರು. 2.80 ಕೋಟಿಯನ್ನು 89 ಮಂದಿಗೆ ಸರಾಸರಿ ಹಂಚಿದರೆ ತಲಾ ಸುಮಾರು 3.15 ಲಕ್ಷ ರೂಪಾಯಿಯಾಗುತ್ತದೆ.

ಪರಿಹಾರವೆಂಬುದು ಶಿಕ್ಷೆಗೆ ಬದಲಿಯಲ್ಲ. 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ವಶದಲ್ಲಿ ಸತ್ತವನ ತಾಯಿಗೆ ಪರಿಹಾರ ಕೊಡಿಸುವಾಗ, ಇದು ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸರ್ಕಾರ ಹೊರಬೇಕಾದ ಹೊಣೆ, ತಪ್ಪಿತಸ್ಥರ ಮೇಲಿನ ಕ್ರಿಮಿನಲ್ ಕ್ರಮ ಬೇರೆಯೇ ಎಂದು ಸ್ಪಷ್ಟಪಡಿಸಿತ್ತು. ಕಾರ್ಯಪಡೆಯ ವಿಷಯದಲ್ಲಿ ಮೊದಲನೆಯದು ಆಯಿತು, ಎರಡನೆಯದು ಆಗಲಿಲ್ಲ.

ಮೊಕದ್ದಮೆಗಳು ನಡೆಯದಿರುವುದಕ್ಕೆ ಕಾರಣಗಳು

ಆಯೋಗ ಅಥವಾ ಅದರ ಸಮಿತಿ ನ್ಯಾಯಾಲಯವಲ್ಲ. ಅಧಿನಿಯಮದ 18ನೇ ಕಲಮಿನಡಿ ಆಯೋಗವು ಮೊಕದ್ದಮೆ ಹೂಡುವಂತೆ ಸರ್ಕಾರಕ್ಕೆ ಹೇಳಬಹುದು. ಹೂಡುವುದು ಬಿಡುವುದು ಸರ್ಕಾರದ ಕೈಯಲ್ಲಿ. ಇಲ್ಲಿ ಸರ್ಕಾರಗಳು ತಾವೇ ಕಳುಹಿಸಿದ, ತಾವೇ ಸನ್ಮಾನಿಸಿದ ಪಡೆಯ ಮೇಲೆ ಕ್ರಮ ಕೈಗೊಳ್ಳಬೇಕಾಗಿತ್ತು.

ಬಂಧಿತನಿಂದ ತಪ್ಪೊಪ್ಪಿಗೆ ಪಡೆಯಲು ಗಾಯಗೊಳಿಸುವುದು ಭಾರತೀಯ ದಂಡ ಸಂಹಿತೆಯ 330ನೇ ಕಲಮಿನಡಿ 7 ವರ್ಷ, ತೀವ್ರ ಗಾಯವಾದರೆ 331ರ ಅಡಿಯಲ್ಲಿ 10 ವರ್ಷಗಳ ಸೆರೆವಾಸಕ್ಕೆ ಅರ್ಹವಾದ ಅಪರಾಧವಾಗಿತ್ತು. ಅಂದರೆ ಕಾನೂನಿನ ಕೊರತೆಯಿರಲಿಲ್ಲ. ಅಡ್ಡವಾದುದು ಪೂರ್ವಾನುಮತಿಯ ನಿಯಮ. ದಂಡ ಪ್ರಕ್ರಿಯಾ ಸಂಹಿತೆಯ 197ನೇ ಕಲಮು, ಕರ್ತವ್ಯದ ನೆಲೆಯಲ್ಲಿ ಮಾಡಿದ ಕೃತ್ಯಕ್ಕಾಗಿ ಸರ್ಕಾರಿ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಅನುಮತಿ ಬೇಕೆನ್ನುತ್ತಿತ್ತು. 1963ರ ಕರ್ನಾಟಕ ಪೊಲೀಸ್ ಅಧಿನಿಯಮದ 170ನೇ ಕಲಮು ಪೊಲೀಸರಿಗೆ ಇಂಥದ್ದೇ ರಕ್ಷಣೆಯನ್ನು ಇನ್ನಷ್ಟು ವಿಸ್ತಾರವಾಗಿ ಕೊಡುತ್ತದೆ. ಬೆಂಗಳೂರಿನ ಠಾಣೆಯೊಂದರಲ್ಲಿ ಥಳಿಸಿದ ಆರೋಪದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜೂನ್‌ನಲ್ಲಿ, ಕೃತ್ಯವು ಕರ್ತವ್ಯದೊಡನೆ ಸಮಂಜಸ ಸಂಬಂಧ ಹೊಂದಿದ್ದರೆ ಅಧಿಕಾರದ ಮಿತಿ ಮೀರಿದ್ದರೂ ಅನುಮತಿ ಬೇಕೇ ಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮಿನಲ್ಲಿ ಹೊಸದೊಂದು ಅಂಶ ಸೇರಿದೆ: 120 ದಿನಗಳೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ದೊರೆತಂತೆ ಭಾವಿಸಲಾಗುತ್ತದೆ. ಬೆಟ್ಟದ ಜನರ ಪಾಲಿಗೆ ಇದು ತಡವಾಗಿ ಬಂದ ತಿದ್ದುಪಡಿ.

ಸಾಕ್ಷ್ಯದ ತೊಡಕು ಇನ್ನೊಂದು. ಶಿಬಿರದಲ್ಲಿ ಇಟ್ಟುಕೊಂಡವರ ಹೆಸರು ಯಾವ ಠಾಣೆಯ ಪುಸ್ತಕದಲ್ಲೂ ಇಲ್ಲದಿದ್ದರೆ, ಬಂಧನ ನಡೆದುದನ್ನೇ ರುಜುವಾತು ಮಾಡುವ ಹೊಣೆ ಬಂಧಿತನದಾಗುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಿದ್ದವನು ಆರು ವರ್ಷಗಳ ಬಳಿಕ ಹೊಡೆದ ಪೇದೆಯ ಮುಖವನ್ನು ಗುರುತಿಸಲಾರ. ಬಂಧನದ ಸಮಯದಲ್ಲಿ ಸಾಕ್ಷಿ ಸಹಿಯುಳ್ಳ ಟಿಪ್ಪಣಿ, ಸಂಬಂಧಿಕರಿಗೆ ಸುದ್ದಿ, 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಇವೆಲ್ಲ ಕಡ್ಡಾಯವಾದುದು 1996ರ ಡಿಸೆಂಬರ್ 18ರ ಡಿ. ಕೆ. ಬಸು ತೀರ್ಪಿನಿಂದ. ಕಾರ್ಯಾಚರಣೆಯ ಅತಿ ಕಠೋರ ವರ್ಷಗಳು ಅದಕ್ಕೆ ಮೊದಲೇ ಕಳೆದಿದ್ದವು. ಎನ್‌ಕೌಂಟರ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟ್ ವಿವರವಾದ ನಿಯಮ ಹಾಕಿದ್ದು 2014ರ ಸೆಪ್ಟೆಂಬರ್ 23ರಂದು. ಶೌರ್ಯ ನಿಸ್ಸಂಶಯವಾಗಿ ಸ್ಥಾಪಿತವಾಗುವ ತನಕ ಎನ್‌ಕೌಂಟರ್‌ನಲ್ಲಿ ಭಾಗಿಯಾದವರಿಗೆ ತಕ್ಷಣದ ಬಡ್ತಿ, ಬಹುಮಾನ ಸಲ್ಲದೆಂಬುದೂ ಅದರಲ್ಲಿದೆ.

ವಾಚಾತ್ತಿ ಪ್ರಕರಣದೊಡನೆ ಹೋಲಿಕೆ

ಮೊಕದ್ದಮೆ ಅಸಾಧ್ಯವೇನಲ್ಲ ಎಂಬುದಕ್ಕೆ ನೆರೆಯ ಧರ್ಮಪುರಿ ಜಿಲ್ಲೆಯ ವಾಚಾತ್ತಿ ಗ್ರಾಮ ಸಾಕ್ಷಿ. 1992ರ ಜೂನ್ 20ರಂದು ಶ್ರೀಗಂಧದ ಶೋಧದ ನೆಪದಲ್ಲಿ ಅರಣ್ಯ, ಪೊಲೀಸ್ ಮತ್ತು ಕಂದಾಯ ಇಲಾಖೆಗಳ ಸಿಬ್ಬಂದಿ ಈ ಬುಡಕಟ್ಟು ಹಳ್ಳಿಯ ಮೇಲೆ ಎರಗಿ ಮನೆಗಳನ್ನು ಹಾಳುಗೆಡವಿದರು. 18 ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಮದ್ರಾಸ್ ಹೈಕೋರ್ಟ್ 1995ರಲ್ಲಿ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. 269 ಆರೋಪಿಗಳಲ್ಲಿ 54 ಮಂದಿ ವಿಚಾರಣೆಯ ಕಾಲದಲ್ಲೇ ತೀರಿಕೊಂಡರು. ಉಳಿದ 215 ಮಂದಿಯೂ 2011ರ ಸೆಪ್ಟೆಂಬರ್ 29ರಂದು ಅಪರಾಧಿಗಳೆಂದು ಸಾಬೀತಾದರು. 2023ರ ಸೆಪ್ಟೆಂಬರ್ 29ರಂದು ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿದು, ಅತ್ಯಾಚಾರಕ್ಕೊಳಗಾದವರಿಗೆ ತಲಾ 10 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಅಂದಿನ ಜಿಲ್ಲಾಧಿಕಾರಿ, ಎಸ್.ಪಿ. ಮತ್ತು ಜಿಲ್ಲಾ ಅರಣ್ಯಾಧಿಕಾರಿಯ ಮೇಲೂ ಕ್ರಮಕ್ಕೆ ಸೂಚಿಸಿತು. ಎರಡು ಪ್ರಕರಣಗಳ ಮುಖ್ಯ ವ್ಯತ್ಯಾಸ ಇಷ್ಟೆ: ವಾಚಾತ್ತಿಯಲ್ಲಿ ಹೊರಗಿನ ತನಿಖಾ ಸಂಸ್ಥೆ ಮೂರು ವರ್ಷದೊಳಗೆ ಬಂತು, ಬಂದುದು ದೋಷಾರೋಪಣೆ ಸಲ್ಲಿಸುವ ಅಧಿಕಾರದೊಡನೆ.

ಸೇನೆಯ ವಿಷಯದಲ್ಲಿ

ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆ ಕರ್ನಾಟಕದಲ್ಲಿ ಎಂದೂ ಜಾರಿಯಾಗಿಲ್ಲ. ಅದು ಜಾರಿಯಲ್ಲಿರುವ ಪ್ರದೇಶಗಳಲ್ಲಿ ಮೊಕದ್ದಮೆಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. 1950ರ ಸೇನಾ ಅಧಿನಿಯಮದ 70ನೇ ಕಲಮಿನ ಪ್ರಕಾರ ನಾಗರಿಕನ ಕೊಲೆ ಅಥವಾ ಅತ್ಯಾಚಾರದ ಆರೋಪವನ್ನು ಸೇನಾ ನ್ಯಾಯಾಲಯ ವಿಚಾರಿಸುವಂತಿಲ್ಲ. ಆದರೆ ಸೈನಿಕನು ‘ಸಕ್ರಿಯ ಸೇವೆ’ಯಲ್ಲಿದ್ದರೆ ವಿಚಾರಿಸಬಹುದು. ಜಮ್ಮು ಮತ್ತು ಕಾಶ್ಮೀರದ ಪತ್ರಿಬಲ್‌ನಲ್ಲಿ 2000ದ ಮಾರ್ಚ್ 25ರಂದು ಐವರು ನಾಗರಿಕರು ಹತರಾದ ಪ್ರಕರಣದಲ್ಲಿ ಸಿಬಿಐ ದೋಷಾರೋಪಣೆ ಸಲ್ಲಿಸಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಆಯ್ಕೆಯನ್ನು ಸೇನೆಗೆ ಬಿಟ್ಟಿತು. ಸೇನೆ ತನ್ನದೇ ವಿಚಾರಣೆಯನ್ನು ಆರಿಸಿಕೊಂಡು, ಸಾಕ್ಷ್ಯಾಧಾರವಿಲ್ಲವೆಂದು 2014ರ ಜನವರಿಯಲ್ಲಿ ಪ್ರಕರಣವನ್ನು ಮುಗಿಸಿತು. ಮಣಿಪುರದ ಸಾವುಗಳ ಬಗ್ಗೆ ಮಾತ್ರ ಸುಪ್ರೀಂ ಕೋರ್ಟ್ 2016ರ ಜುಲೈ 8ರ ತೀರ್ಪಿನಲ್ಲಿ, ಗಲಭೆಪೀಡಿತ ಪ್ರದೇಶದಲ್ಲೂ ಅತಿಯಾದ ಬಲಪ್ರಯೋಗಕ್ಕೆ ಪೂರ್ಣ ವಿನಾಯಿತಿ ಇಲ್ಲವೆಂದು ಹೇಳಿ, ಮರುವರ್ಷ ಸಿಬಿಐ ತನಿಖೆಗೆ ಆದೇಶಿಸಿತು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ್ದರೂ ಅದನ್ನು ಸ್ಥಿರೀಕರಿಸಿಲ್ಲ.

ನಂತರದ ಉಲ್ಲೇಖಗಳು

2012ರಲ್ಲಿ ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರ ನೇಮಕದ ವಿವಾದದಲ್ಲಿ ಸಮಿತಿಯ ವರದಿ ಹೈಕೋರ್ಟಿನ ಮುಂದೆ ಚರ್ಚೆಗೆ ಬಂತು. ಕಾರ್ಯಾಚರಣೆಯ ಕಾಲದ ಸೋಲಿಗರ ಸಂಕಟವನ್ನು ವಕೀಲ ಎಸ್. ಬಾಲಮುರುಗನ್ ತಮ್ಮ ತಮಿಳು ಕಾದಂಬರಿ ‘ಸೋಳಗರ್ ತೊಟ್ಟಿ’ಯಲ್ಲಿ ಚಿತ್ರಿಸಿದ್ದಾರೆ. 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ಸಾಕ್ಷ್ಯಚಿತ್ರ ಸರಣಿ ‘ದಿ ಹಂಟ್ ಫಾರ್ ವೀರಪ್ಪನ್’ನಲ್ಲಿ ಗ್ರಾಮಸ್ಥರೂ ಅಂದಿನ ಪೊಲೀಸ್ ಅಧಿಕಾರಿಗಳೂ ಶಿಬಿರಗಳ ಕುರಿತು ಮಾತನಾಡಿದ್ದಾರೆ.